ಓಟು ಒಂದು ಶಹಾದತ್: ಸಾಕ್ಷಿ ಹೇಳುವ ಮುನ್ನ ವಿಚಾರಿಸಿ

(ಶವ್ವಾಲಿನ ಮೊದಲ ಜುಮಾದಂದು ಕುಂದಾಣದಲ್ಲಿ ಉರ್ದುವಿನಲ್ಲಿ ನೀಡಿದ ಬಯಾನ್‌ನ ಕನ್ನಡ ಸಾರಾಂಶ. ಮನೆಯ ಹೆಣ್ಣುಮಕ್ಕಳೂ ಓದಲೆಂದು ಕೆಲವು ವಿಷಯಗಳನ್ನು ಸ್ವಲ್ಪ ವಿಸ್ತರಿಸಲಾಗಿದೆ.)



ರಂಝಾನಿನ ಕೊನೆಯ ಹತ್ತು ದಿನಗಳಿಂದಲೂ ಒಂದೇ ಪ್ರಶ್ನೆ ಕೇಳುತ್ತಿದ್ದೇನೆ. ತರಾವೀಹ್ ಮುಗಿಸಿ ಚಪ್ಪಲಿ ಹುಡುಕುವಾಗಲೂ ಅದೇ, ಈದ್‌ಗಾಹ್‌ನಲ್ಲಿ ಕೈ ಕುಲುಕುವಾಗಲೂ ಅದೇ. "ಹಜರತ್, ಈ ಸಲ ಯಾರಿಗೆ ಹಾಕೋಣ? ನೀವು ಒಂದು ಹೆಸರು ಹೇಳಿಬಿಡಿ, ಮೊಹಲ್ಲಾದವರೆಲ್ಲ ಅಲ್ಲಿಗೇ ಒತ್ತುತ್ತೇವೆ." ಕೇಳುವವರ ನಿಯ್ಯತ್ ಒಳ್ಳೆಯದೇ. ಆದರೂ ನಾನು ಹೆಸರು ಹೇಳುವುದಿಲ್ಲ. ಅದಕ್ಕೆ ಒಂದು ಕಾರಣ ಈ ದೇಶದ ಕಾನೂನಿನಲ್ಲಿದೆ, ಇನ್ನೊಂದು ನಮ್ಮ ಶರೀಅತ್‌ನಲ್ಲಿದೆ.

ಮೊದಲು ಕಾನೂನು. 1951ರ ಜನಪ್ರತಿನಿಧಿ ಕಾಯ್ದೆಯ 123ನೇ ಕಲಂ ಪ್ರಕಾರ ಅಭ್ಯರ್ಥಿಯಾಗಲಿ, ಅವನ ಒಪ್ಪಿಗೆಯಿಂದ ಬೇರೆಯವರಾಗಲಿ ಧರ್ಮದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಅಭಿರಾಮ್ ಸಿಂಗ್ ಪ್ರಕರಣದಲ್ಲಿ, ನಾಲ್ಕು-ಮೂರರ ಬಹುಮತದಿಂದ ಇದನ್ನು ಇನ್ನೂ ಬಿಗಿ ಮಾಡಿತು. ಅಭ್ಯರ್ಥಿಯ ಧರ್ಮದ ಹೆಸರಿನಲ್ಲಷ್ಟೇ ಅಲ್ಲ, ಮತದಾರನ ಧರ್ಮದ ಹೆಸರಿನಲ್ಲೂ ಕೇಳುವಂತಿಲ್ಲ. ಅದೇ ಕಲಂನಲ್ಲಿ ನಮ್ಮಂಥವರಿಗೆಂದೇ ಬರೆದಂತಿರುವ ಇನ್ನೊಂದು ಮಾತಿದೆ. ಇಂಥವರಿಗೆ ಮತ ಹಾಕದಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ನಂಬಿಸುವುದೂ ಅನುಚಿತ ಪ್ರಭಾವವೇ. ಪೂಜಾಸ್ಥಳಗಳನ್ನು ಪ್ರಚಾರದ ವೇದಿಕೆ ಮಾಡಬಾರದೆಂದು ಮಾದರಿ ನೀತಿ ಸಂಹಿತೆಯೂ ಹೇಳುತ್ತದೆ. 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆಯಂತೂ ರಾಜಕೀಯಕ್ಕೆ ಜಾಗ ಕೊಟ್ಟ ಆಡಳಿತದವರನ್ನೇ ಹಿಡಿಯುತ್ತದೆ. ನಮ್ಮ ಮುತವಲ್ಲಿಗಳು ಈ ಪ್ಯಾರಾವನ್ನು ಎರಡು ಸಲ ಓದಲಿ.

ಈ ಕಾನೂನು ಇಲ್ಲದಿದ್ದರೂ ನಾನು ಹೆಸರು ಹೇಳುತ್ತಿರಲಿಲ್ಲ. ದೇವ್‌ಬಂದ್‌ನಲ್ಲಿ ಮುಫ್ತಿಯಾಗಿದ್ದ ಮುಫ್ತಿ ಮುಹಮ್ಮದ್ ಶಫೀ ಸಾಹೇಬರು ಓಟಿಗೆ ಮೂರು ಮುಖಗಳಿವೆ ಎಂದು ವಿವರಿಸಿದ್ದಾರೆ. ಅದು ಶಹಾದತ್, ಅಂದರೆ ಈ ಮನುಷ್ಯ ಈ ಕೆಲಸಕ್ಕೆ ಯೋಗ್ಯ ಎಂಬ ಸಾಕ್ಷಿ. ಅದು ಶಫಾಅತ್, ಅಂದರೆ ಶಿಫಾರಸು. ಅದು ವಕಾಲತ್ ಕೂಡ, ಅಂದರೆ ನನ್ನ ಪರವಾಗಿ ಮಾತಾಡು ಎಂದು ಒಬ್ಬನನ್ನು ನೇಮಿಸುವುದು. ನಮ್ಮ ಸ್ವಂತ ಜಮೀನಿನ ಕೇಸಿಗೆ ಕೆಟ್ಟ ವಕೀಲನನ್ನು ಇಟ್ಟರೆ ನಷ್ಟ ನಮ್ಮ ಮನೆಗೆ ಮಾತ್ರ. ಓಟಿನಲ್ಲಿ ಇಟ್ಟ ವಕೀಲ ಎಡವಿದರೆ ನಷ್ಟ ಇಡೀ ಕ್ಷೇತ್ರಕ್ಕೆ.

ಈ ಮೂರರಲ್ಲಿ ಶಹಾದತ್ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕೋರ್ಟಿನ ಕಟಕಟೆಯಲ್ಲಿ ನಿಂತು "ನಾನು ನೋಡಿಲ್ಲ ಸ್ವಾಮಿ, ನಮ್ಮ ಇಮಾಮರು ಹೇಳಿದರು" ಎಂದರೆ ಅದನ್ನು ಸಾಕ್ಷಿ ಎನ್ನುತ್ತಾರೆಯೇ? ಸಾಕ್ಷಿ ತಿಳಿದವನದ್ದಾಗಿರಬೇಕು, ಅವನದ್ದೇ ಆಗಿರಬೇಕು. ಸತ್ಯಸಾಕ್ಷ್ಯ ನಮಗೇ, ನಮ್ಮ ತಂದೆತಾಯಿಗೆ, ಬಂಧುಗಳಿಗೆ ವಿರುದ್ಧವಾಗಿದ್ದರೂ ನ್ಯಾಯದ ಪರ ನಿಲ್ಲಬೇಕೆಂದು ಸೂರಃ ಅನ್ನಿಸಾದಲ್ಲಿ ಆಜ್ಞೆಯಿದೆ. ಸಾಕ್ಷ್ಯವನ್ನು ಬಚ್ಚಿಡುವವನ ಹೃದಯ ಪಾಪಿಯೆಂದು ಸೂರಃ ಅಲ್‌ಬಕರದಲ್ಲಿದೆ. ಹೀಗಾಗಿ ಮನೆಯಲ್ಲಿ ಕೂತುಬಿಡುವವನೂ ತಪ್ಪಿಸಿಕೊಳ್ಳಲಾರ, ಕಣ್ಣುಮುಚ್ಚಿ ಒತ್ತುವವನೂ ತಪ್ಪಿಸಿಕೊಳ್ಳಲಾರ.

ಹಾಗಾದರೆ ಒಬ್ಬ ಮನುಷ್ಯನನ್ನು ತಿಳಿಯುವುದು ಹೇಗೆ? ಹಝ್ರತ್ ಉಮರ್(ರ)ರ ಕಾಲದ ಒಂದು ಘಟನೆಯನ್ನು ಇಮಾಮ್ ಬೈಹಕೀ ದಾಖಲಿಸಿದ್ದಾರೆ. ಒಬ್ಬ ವ್ಯಕ್ತಿ ಸಾಕ್ಷಿ ಹೇಳಲು ಬಂದ. ಉಮರ್(ರ)ರಿಗೆ ಅವನ ಪರಿಚಯವಿರಲಿಲ್ಲ. ನಿನ್ನನ್ನು ಬಲ್ಲವರನ್ನು ಕರೆತಾ ಎಂದರು. ಇನ್ನೊಬ್ಬ ಎದ್ದು, ನಾನು ಬಲ್ಲೆ, ಒಳ್ಳೆಯವನು ಎಂದ. ಆಗ ಅವನನ್ನು ಮೂರು ಪ್ರಶ್ನೆ ಕೇಳಿದರು: ಅವನ ಹಗಲು ರಾತ್ರಿಗಳನ್ನು ಕಂಡ ಪಕ್ಕದ ಮನೆಯವನೇ ನೀನು? ಅವನೊಂದಿಗೆ ಹಣದ ವ್ಯವಹಾರ ಮಾಡಿದ್ದೀಯಾ? ಜೊತೆಯಲ್ಲಿ ಪ್ರಯಾಣ ಮಾಡಿದ್ದೀಯಾ? ಮೂರಕ್ಕೂ ಅವನು ಇಲ್ಲವೆಂದ. ಹಾಗಾದರೆ ನಿನಗೆ ಅವನು ಗೊತ್ತಿಲ್ಲ ಎಂದುಬಿಟ್ಟರು ಉಮರ್(ರ). ಅವನು ಮಸೀದಿಯಲ್ಲಿ ತಲೆ ಎತ್ತಿ ಇಳಿಸುವುದನ್ನಷ್ಟೇ ನೀನು ನೋಡಿರಬೇಕು ಎಂದೂ ಹೇಳಿದರೆಂದು ಇನ್ನೊಂದು ರಿವಾಯತ್‌ನಲ್ಲಿದೆ. ಇಫ್ತಾರಿಗೆ ಟೋಪಿ ಹಾಕಿಕೊಂಡು ಬಂದು ಖರ್ಜೂರ ತಿಂದು ಫೋಟೊ ತೆಗೆಸಿಕೊಂಡವರನ್ನು ನೋಡಿ "ನಮ್ಮವರು" ಎನ್ನುವಾಗ ನನಗೆ ಈ ಮಾತು ನೆನಪಾಗುತ್ತದೆ.

ಲೋಕಸಭಾ ಅಭ್ಯರ್ಥಿ ನಮ್ಮ ಪಕ್ಕದ ಮನೆಯವರಲ್ಲ. ನಮ್ಮ ಕ್ಷೇತ್ರವೇ ಎಷ್ಟು ದೊಡ್ಡದು ನೋಡಿ. ಜಿಲ್ಲೆ 2024ರಲ್ಲಿ ಬೆಂಗಳೂರು ಗ್ರಾಮಾಂತರವಾಗಿದ್ದರೂ ನಾವು ಮತ ಹಾಕುವುದು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕಲ್ಲ. ಅದು ಕನಕಪುರ, ರಾಮನಗರ, ಆನೇಕಲ್ ಕಡೆಯದು. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ನಾಲ್ಕೂ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಯಲಹಂಕ, ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ಸೇರಿ ಒಟ್ಟು ಎಂಟು ವಿಧಾನಸಭಾ ಕ್ಷೇತ್ರಗಳು. ಟಿವಿಯಲ್ಲಿ "ಗ್ರಾಮಾಂತರದ ಕದನ" ನೋಡಿ ಅಲ್ಲಿನವರನ್ನು ನಮ್ಮ ಅಭ್ಯರ್ಥಿಗಳೆಂದುಕೊಂಡವರು ನಮ್ಮ ಹೋಬಳಿಯಲ್ಲೇ ಇದ್ದಾರೆ. ಇಷ್ಟು ದೊಡ್ಡ ಕ್ಷೇತ್ರದಲ್ಲೂ 2014ರಲ್ಲಿ ವೀರಪ್ಪ ಮೊಯ್ಲಿಯವರು ಬಚ್ಚೇಗೌಡರ ಎದುರು ಗೆದ್ದದ್ದು 9,520 ಮತಗಳಿಂದ. ಎಂಟು ಭಾಗ ಮಾಡಿದರೆ ಒಂದು ವಿಧಾನಸಭಾ ಕ್ಷೇತ್ರಕ್ಕೆ 1,190. ಒಂದು ದೊಡ್ಡ ನಿಕಾಹ್‌ಗೆ ಸೇರುವಷ್ಟು ಜನ.

ಪಕ್ಕದ ಮನೆಯವರಲ್ಲದವರ ಬಗ್ಗೆ ಹಣದ ಪ್ರಶ್ನೆ ಕೇಳಲು ಈಗ ದಾರಿಯಿದೆ. 2002ರ ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳ ನಂತರ ಪ್ರತಿ ಅಭ್ಯರ್ಥಿ ನಾಮಪತ್ರದ ಜೊತೆ ಪ್ರಮಾಣಪತ್ರ ಕೊಡಲೇಬೇಕು. ಅದಕ್ಕೆ ನಮೂನೆ 26 ಎನ್ನುತ್ತಾರೆ. ತನ್ನ, ಹೆಂಡತಿ ಅಥವಾ ಗಂಡನ, ಅವಲಂಬಿತರ ಆಸ್ತಿ, ಸಾಲ, ಆದಾಯ, ಓದು, ಬಾಕಿ ಇರುವ ಕ್ರಿಮಿನಲ್ ಕೇಸುಗಳು ಎಲ್ಲವೂ ಅದರಲ್ಲಿರುತ್ತವೆ. ಚುನಾವಣಾ ಆಯೋಗದ 'ನೋ ಯುವರ್ ಕ್ಯಾಂಡಿಡೇಟ್' ಆ್ಯಪ್‌ನಲ್ಲಿ ಕ್ಷೇತ್ರ ಆರಿಸಿದರೆ ಸಿಗುತ್ತದೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದರೆ ಅವಳ ಕೈಗೆ ಫೋನ್ ಕೊಡಿ, ಹತ್ತು ನಿಮಿಷದ ಕೆಲಸ. ಹಿಂದೆ ಸ್ಪರ್ಧಿಸಿದವರಾದರೆ ಆಗಿನ ಪ್ರಮಾಣಪತ್ರವನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಸ್ತಿ ಎಷ್ಟು ಬೆಳೆದಿದೆ, ಹೇಗೆ ಬೆಳೆದಿದೆ? ಕೇಸುಗಳ ಕಾಲಂನಲ್ಲಿ ಸಂಖ್ಯೆ ನೋಡಿ ನಿಲ್ಲಬೇಡಿ, ಯಾವ ಕೇಸೆಂದು ಓದಿ. ಧರಣಿಯಲ್ಲಿ ರಸ್ತೆ ತಡೆದ ಕೇಸು ಒಂದು, ವಂಚನೆಯ ಕೇಸು ಇನ್ನೊಂದು, ಹೆಣ್ಣಿನ ಮೇಲಿನ ದೌರ್ಜನ್ಯದ ಕೇಸು ಮತ್ತೊಂದು. ಆರೋಪವಿದ್ದ ಮಾತ್ರಕ್ಕೆ ಅಪರಾಧಿಯಲ್ಲ ಎಂಬುದೂ ಇನ್ಸಾಫ್. ಇಂಥವರನ್ನೇ ಏಕೆ ಆರಿಸಿದಿರಿ ಎಂದು ಪಕ್ಷಗಳು ಕಾರಣ ಪ್ರಕಟಿಸಬೇಕು, ಗೆಲ್ಲುತ್ತಾರೆ ಎಂಬುದೊಂದೇ ಕಾರಣವಾಗಬಾರದು ಎಂದು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಆ ಕಾರಣವನ್ನೂ ಓದಿ.

ಮೂರನೆಯದು ಪ್ರಯಾಣದ ಪ್ರಶ್ನೆ. ಸಂಸದರಾಗಿದ್ದವರು ಸದನದಲ್ಲಿ ಎಷ್ಟು ದಿನ ಹಾಜರಿದ್ದರು, ಏನು ಕೇಳಿದರು ಎಂಬುದು ಲೋಕಸಭೆಯ ಜಾಲತಾಣದಲ್ಲೂ ಪಿಆರ್‌ಎಸ್ ಎಂಬ ಸಂಸ್ಥೆಯ ಜಾಲತಾಣದಲ್ಲೂ ಇದೆ. ಆದರೆ ಅದಕ್ಕೂ ಮೊದಲು ನಾವು ಯಾವ ಪ್ರಯಾಣಕ್ಕೆ ಜೊತೆಗಾರನನ್ನು ಹುಡುಕುತ್ತಿದ್ದೇವೆಂದು ಗೊತ್ತಿರಬೇಕಲ್ಲ! ಚರಂಡಿ, ಬೀದಿದೀಪ ಪಂಚಾಯಿತಿಯದು. ಪಕ್ಕದ ಚನ್ನರಾಯಪಟ್ಟಣ ಹೋಬಳಿಯ ರೈತರು 2022ರಿಂದ ಜಮೀನು ಉಳಿಸಿಕೊಳ್ಳಲು ಹೋರಾಡಿದರು. ಆ ಸ್ವಾಧೀನ ಕೆಐಎಡಿಬಿಯದಾಗಿತ್ತು, 1966ರ ರಾಜ್ಯ ಕಾಯ್ದೆಯ ಕೆಳಗೆ. 2ಬಿ ಮೀಸಲಾತಿಯೂ ರಾಜ್ಯ ಸರ್ಕಾರದ ಪಟ್ಟಿಯದು. ಪಾರ್ಲಿಮೆಂಟಿನದು ಬೇರೆ: ರೈಲು, ವಿಮಾನ ನಿಲ್ದಾಣ, ಹೈದರಾಬಾದಿನ ಕಡೆ ಹೋಗುವ ಹೆದ್ದಾರಿ 44, ಆದಾಯ ತೆರಿಗೆ, ಪೌರತ್ವದ ಕಾನೂನು, 1995ರ ವಕ್ಫ್ ಕಾಯ್ದೆ. ಒಂದರಿಂದ ಎಂಟನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳ ಪ್ರಿ-ಮೆಟ್ರಿಕ್ ವಿದ್ಯಾರ್ಥಿವೇತನ 2022ರಲ್ಲಿ ನಿಂತದ್ದು ಕೇಂದ್ರದ ತೀರ್ಮಾನದಿಂದ. ಅದೇ ವರ್ಷ ಮೌಲಾನಾ ಆಝಾದ್ ಫೆಲೋಶಿಪ್ ನಿಂತದ್ದೂ ಹಾಗೆಯೇ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ, ಅದನ್ನು ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಬೇಕು. ಆದ್ದರಿಂದ ಮನೆಗೆ ಬಂದ ಅಭ್ಯರ್ಥಿಯನ್ನು ಶಾದಿಮಹಲ್ ಕೇಳಿ ಕಳಿಸಿಬಿಟ್ಟರೆ, ಕೇಳಬೇಕಾದ್ದು ಕೇಳದೆ ಉಳಿಯುತ್ತದೆ.

ಇಲ್ಲಿ ಒಂದು ಕಠಿಣ ಸತ್ಯವಿದೆ. 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ಪಕ್ಷ ವಿಪ್ ಕೊಟ್ಟರೆ ಸಂಸದ ಅದರಂತೆಯೇ ಮತ ಹಾಕಬೇಕು, ಇಲ್ಲವಾದರೆ ಸದಸ್ಯತ್ವ ಹೋಗಬಹುದು. ಹಾಗಾಗಿ "ಮನುಷ್ಯ ಒಳ್ಳೆಯವನು, ಪಕ್ಷ ಹೇಗಾದರೂ ಇರಲಿ" ಎನ್ನುವುದು ಅರ್ಧ ವಿಚಾರ. "ಪಕ್ಷ ನಮ್ಮದು, ಮನುಷ್ಯ ಹೇಗಾದರೂ ಇರಲಿ" ಎನ್ನುವುದೂ ಅರ್ಧವೇ. ಅಭ್ಯರ್ಥಿಯ ಪ್ರಮಾಣಪತ್ರದ ಜೊತೆ ಪಕ್ಷದ ಪ್ರಣಾಳಿಕೆಯನ್ನೂ, ಹಿಂದೆ ಅದು ಸದನದಲ್ಲಿ ಮಾಡಿದ್ದನ್ನೂ ತೂಗಬೇಕು.

ಮುಸ್ಲಿಮ್ ಅಭ್ಯರ್ಥಿ ಇದ್ದರೆ ಅವರಿಗೇ ಹಾಕಬೇಕೇ ಎಂದು ಕೆಲವರು ಕೇಳಿದರು. ಕುರ್‌ಆನ್ ಕೆಲಸಕ್ಕೆ ಆಳನ್ನು ಆರಿಸುವ ಪ್ರಸಂಗದಲ್ಲಿ, ಮೂಸಾ(ಅ)ರ ಕಥೆಯಲ್ಲಿ, ಶಕ್ತಿ ಮತ್ತು ಅಮಾನತ್ ಎಂಬ ಎರಡು ಗುಣಗಳನ್ನು ಹೇಳುತ್ತದೆ. ಯೂಸುಫ್(ಅ)ರು ಖಜಾನೆಯ ಹೊಣೆ ಕೇಳಿದಾಗ ಕಾಯುವ ಗುಣವನ್ನೂ ತಿಳಿವಳಿಕೆಯನ್ನೂ ಮುಂದಿಟ್ಟರು. ನಮ್ಮ ಪ್ರವಾದಿ(ಸ)ರು ಹಿಜ್ರತ್‌ಗೆ ಹೊರಟಾಗ, ಜೀವಕ್ಕೇ ಅಪಾಯವಿದ್ದ ಆ ದಾರಿಯಲ್ಲಿ, ದಾರಿ ತೋರಿಸಲು ಸಂಬಳಕ್ಕೆ ಇಟ್ಟುಕೊಂಡ ಅಬ್ದುಲ್ಲಾಹ್ ಬಿನ್ ಉರೈಕಿತ್ ಆಗ ಮುಸ್ಲಿಮನಾಗಿರಲಿಲ್ಲ. ಅವನಿಗೆ ದಾರಿ ಗೊತ್ತಿತ್ತು, ನಂಬಿಕೆಗೆ ಅರ್ಹನಾಗಿದ್ದ. ಇದಕ್ಕಿಂತ ಹೆಚ್ಚಿನ ಉತ್ತರ ನನ್ನ ಬಳಿ ಇಲ್ಲ.

ಈಗ ಹಣದ ಮಾತು. ರಂಝಾನ್ ಕಿಟ್, ಕುಕ್ಕರ್, ಕೊನೆಯ ರಾತ್ರಿಯ ನೋಟು. ರಿಶ್ವತ್ ಕೊಡುವವನ ಮೇಲೂ ಪಡೆಯುವವನ ಮೇಲೂ ಪ್ರವಾದಿ(ಸ)ರು ಶಾಪ ಹಾಕಿದ್ದಾರೆ. ದೇಶದ ಕಾನೂನು ಕೂಡ ಇಬ್ಬರನ್ನೂ ಅಪರಾಧಿಗಳೆನ್ನುತ್ತದೆ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಆಣೆಯ ವಿಷಯ. ನೋಟು ಕೊಡುವಾಗ "ಕುರ್‌ಆನ್ ಮೇಲೆ ಕೈಯಿಟ್ಟು ಹೇಳಿ" ಎನ್ನುತ್ತಾರೆ, ಆಮೇಲೆ ಬಡ ಹೆಂಗಸು ಅಲ್ಲಾಹನ ಆಣೆ ಮುರಿಯುವ ಭಯದಿಂದ ಅಲ್ಲಿಗೇ ಒತ್ತುತ್ತಾಳೆ. ತಾಯಂದಿರೇ, ಕೇಳಿ. ಆಣೆ ಮಾಡಿದ ನಂತರ ಅದಕ್ಕಿಂತ ಉತ್ತಮವಾದದ್ದು ಕಂಡರೆ ಉತ್ತಮವಾದದ್ದನ್ನೇ ಮಾಡಿ ಕಫ್ಫಾರಾ ಕೊಡಬೇಕೆಂದು ಹದೀಸ್‌ನಲ್ಲಿದೆ. ತಪ್ಪು ಸಾಕ್ಷಿಗಾಗಿ ಮಾಡಿದ ಆಣೆ ನಿಮ್ಮನ್ನು ಕಟ್ಟಿಹಾಕುವುದಿಲ್ಲ. ಹಣವನ್ನು ಕೊಟ್ಟವರಿಗೇ ಹಿಂತಿರುಗಿಸಿ. ಅದು ಸಾಧ್ಯವೇ ಇಲ್ಲದಿದ್ದರೆ ಪುಣ್ಯದ ಆಸೆಯಿಲ್ಲದೆ ಬಡವರಿಗೆ ಕೊಟ್ಟುಬಿಡಿ. ಆಣೆ ಮುರಿದದ್ದಕ್ಕೆ ಕಫ್ಫಾರಾ ಎಂದರೆ ಹತ್ತು ಬಡವರಿಗೆ ಎರಡು ಹೊತ್ತಿನ ಊಟ ಅಥವಾ ಬಟ್ಟೆ. ಅದಕ್ಕೂ ಶಕ್ತಿಯಿಲ್ಲದಿದ್ದರೆ ನಮ್ಮ ಹನಫೀ ಫಿಕ್‌ಹ್‌ನಂತೆ ಸತತ ಮೂರು ರೋಝಾ. ಆಣೆ ಮಾಡಿಸಲು ಕುರ್‌ಆನ್ ಹಿಡಿದುಕೊಂಡು ಮನೆಮನೆಗೆ ಹೋಗುವವರು ನಮ್ಮವರೇ ಆಗಿದ್ದರೆ, ಅವರು ತಮ್ಮ ಆಖಿರತ್ತಿನ ಬಗ್ಗೆ ಯೋಚಿಸಿಕೊಳ್ಳಲಿ.

ಗಂಡ ಹೇಳಿದಲ್ಲಿ ಹೆಂಡತಿ ಹಾಕಬೇಕೇ? ಶಹಾದತ್ ಅವಳದ್ದು, ಜವಾಬು ಕೊಡುವವಳೂ ಅವಳೇ. ಮನೆಯಲ್ಲಿ ಕೂತು ಚರ್ಚೆ ಮಾಡಿ, ಅದು ಮಶ್ವರಾ. ಹುಕುಂ ಮಾಡುವ ಹಕ್ಕು ಯಾರಿಗೂ ಇಲ್ಲ.

ಎಲ್ಲರಲ್ಲೂ ದೋಷವಿದ್ದರೆ? ಫಿಕ್‌ಹ್‌ನ ನಿಯಮ ಸರಳ: ಎರಡು ಕೇಡು ಎದುರಾದಾಗ ಚಿಕ್ಕದನ್ನು ಆರಿಸು. ನೋಟಾ ಗುಂಡಿ 2013ರಿಂದ ಇದೆ. ಆದರೆ ಅದಕ್ಕೆ ಎಷ್ಟೇ ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. ಅದನ್ನು ತಿಳಿದೇ ಒತ್ತಿ.

ಕೊನೆಯ ಎರಡು ದಿನ ವಾಟ್ಸಾಪ್‌ನಲ್ಲಿ ಆಡಿಯೊಗಳು ಬರುತ್ತವೆ. ಸುದ್ದಿ ತಂದವನು ನಂಬಲರ್ಹನಲ್ಲದಿದ್ದರೆ ವಿಚಾರಿಸಿ ನೋಡಿ ಎಂಬುದು ಸೂರಃ ಅಲ್‌ಹುಜುರಾತ್‌ನ ಆದೇಶ. "ಇಂಥವರು ಕಣದಿಂದ ಹಿಂದೆ ಸರಿದಿದ್ದಾರೆ, ಇನ್ನೊಬ್ಬರಿಗೆ ಹಾಕಿ" ಎಂಬ ಸಂದೇಶ ಬಂದರೆ ನೆನಪಿರಲಿ: 2024ರ ಚುನಾವಣೆಯಲ್ಲಿ ನಮ್ಮ ಕಡೆ ನಾಮಪತ್ರ ವಾಪಸಿನ ಕೊನೆಯ ದಿನ ಏಪ್ರಿಲ್ 8ಕ್ಕೇ ಮುಗಿದಿತ್ತು. ಮೇ 7ರಂದು ಮತ ಹಾಕಿದ ಉತ್ತರದ ಜಿಲ್ಲೆಗಳಲ್ಲಿ ಆ ದಿನಾಂಕ ಬೇರೆಯಿತ್ತು.

ನಮ್ಮಲ್ಲಿ 2024ರ ಮತದಾನ ಏಪ್ರಿಲ್ 26, ಶುಕ್ರವಾರ, ಬೆಳಗ್ಗೆ 7ರಿಂದ ಸಂಜೆ 6ರವರೆಗೆ ಇತ್ತು. ಫಜ್ರ್ ಮುಗಿಸಿ ನೇರ ಬೂತಿಗೆ ಹೋದರೆ ಜುಮಾದ ಗುಸ್ಲ್‌ಗೂ ಸಮಯ ಉಳಿಯುತ್ತಿತ್ತು. ವಿಮಾನ ನಿಲ್ದಾಣದ ಹೋಟೆಲು, ಗೋದಾಮುಗಳಲ್ಲಿ ದುಡಿಯುವವರಿಗೆ ಮತದಾನದ ದಿನ ಸಂಬಳ ಸಹಿತ ರಜೆ ಕಾನೂನಿನ ಹಕ್ಕು, ಕೇಳಿ ಪಡೆಯಿರಿ. ವೋಟರ್ ಸ್ಲಿಪ್ ಒಂದೇ ಸಾಲದು, ಗುರುತಿನ ಚೀಟಿ ಅಥವಾ ಆಧಾರ್‌ನಂತಹ ದಾಖಲೆ ಬೇಕು. ಬುರ್ಖಾ ಹಾಕಿದವರು ಮುಖ ತೋರಿಸಲು ಮಹಿಳಾ ಸಿಬ್ಬಂದಿಯನ್ನು ಕೇಳಬಹುದು. ಸಂಜೆ 6ಕ್ಕೆ ಸರದಿಯಲ್ಲಿ ನಿಂತವರಿಗೆಲ್ಲ ಚೀಟಿ ಕೊಡುತ್ತಾರೆ, ಎಷ್ಟು ಹೊತ್ತಾದರೂ ಮತ ಹಾಕಲು ಬಿಡುತ್ತಾರೆ. ಮಗ್ರಿಬ್ ಸಮೀಪಿಸಿತೆಂದು ಸರದಿ ಬಿಟ್ಟು ಬರಬೇಡಿ, ಹಾಕಿ ಬಂದು ನಮಾಝ್ ಮಾಡಲು ವಕ್ತ್ ಇರುತ್ತದೆ.