ಕೂರಿಸಿದ ಹಲ್ಲು, ಊದಿದ ವಸಡು

ಹಲ್ಲು ಬಿದ್ದ ಜಾಗದಲ್ಲಿ ಈಗ ಹೊಸ ಹಲ್ಲು ಕೂರಿಸುತ್ತಾರೆ. ಇದಕ್ಕೆ ಇಂಪ್ಲಾಂಟ್ ಅನ್ನುತ್ತಾರೆ. ಟೈಟಾನಿಯಂ ಅನ್ನೋ ಲೋಹದ ಪುಟ್ಟ ಸ್ಕ್ರೂ ಅದು. ಅದನ್ನು ದವಡೆಯ ಮೂಳೆಯೊಳಗೆ ಹಾಕುತ್ತಾರೆ. ಕೆಲವು ತಿಂಗಳಲ್ಲಿ ಮೂಳೆ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆಮೇಲೆ ಅದರ ಮೇಲೆ ಹಲ್ಲು ಕೂರಿಸುತ್ತಾರೆ. 1965ರಲ್ಲಿ ಸ್ವೀಡನ್ ದೇಶದ ಬ್ರೋನೆಮಾರ್ಕ್ ಅನ್ನುವವರು ಮೊದಲ ಸಲ ಒಬ್ಬ ರೋಗಿಗೆ ಹೀಗೆ ಹಾಕಿದರು. ಆ ರೋಗಿ ತೀರಿಕೊಂಡದ್ದು 2006ರಲ್ಲಿ. ನಲವತ್ತು ವರ್ಷ ಆ ಹಲ್ಲಲ್ಲೇ ಉಂಡರು!

"ಲೋಹಕ್ಕೆ ಹುಳುಕು ಹಿಡಿಯಲ್ಲ, ಇನ್ನೇನು ಭಯ?" ಅಂತೀರಾ? ಹುಳುಕು ಹಿಡಿಯಲ್ಲ, ನಿಜ. ಆದರೆ ಸುತ್ತ ಇರೋ ವಸಡು ನಮ್ಮದೇ ಅಲ್ಲವಾ ಅಕ್ಕಾ?

ನೀರಿನ ತೊಟ್ಟಿ ತಿಕ್ಕದೆ ಬಿಟ್ಟರೆ ಲೋಳೆ ಕಟ್ಟುತ್ತೆ. ಹಲ್ಲಿನ ಬುಡದಲ್ಲೂ ಹಾಗೇ. ಆ ಲೋಳೆಯ ತುಂಬ ರೋಗಾಣು. ಅದರಿಂದ ವಸಡು ಕೆಂಪಾಗುತ್ತೆ, ಊದುತ್ತೆ, ಉಜ್ಜುವಾಗ ರಕ್ತ ಬರುತ್ತೆ. ಎಷ್ಟೋ ಸಲ ನೋವೇ ಇರಲ್ಲ. ಅದಕ್ಕೇ ನಾವು ಸುಮ್ಮನಿದ್ದುಬಿಡುತ್ತೇವೆ. ಇಷ್ಟರಲ್ಲೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಶುಚಿ ಮಾಡಿಸಿ. ಮನೆಯಲ್ಲೂ ಚೆನ್ನಾಗಿ ಉಜ್ಜಿ. ಸಾಮಾನ್ಯವಾಗಿ ವಾಸಿಯಾಗುತ್ತೆ. ಬಿಟ್ಟರೆ ಒಳಗಿನ ಮೂಳೆ ಸವೆಯುತ್ತೆ. ಸವೆದ ಮೂಳೆ ಮತ್ತೆ ಬೆಳೆಯೋದು ಕಷ್ಟ. ಕೀವು ಬರಬಹುದು. ಕೊನೆಗೆ ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದ ಹಲ್ಲನ್ನೇ ತೆಗೆಸಬೇಕಾದೀತು.

ರಕ್ತ ಬಂತು ಅಂತ ಉಜ್ಜೋದು ನಿಲ್ಲಿಸಬೇಡಿ. ಬಹಳ ಜನ ಮಾಡೋದು ಇದೇ. ಮೆತ್ತನೆ ಬ್ರಷ್ ತಗೊಂಡು ಬೆಳಿಗ್ಗೆ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ ಉಜ್ಜಿ. ವಸಡು ಹಲ್ಲಿಗೆ ಸೇರುವ ಅಂಚಿನಲ್ಲಿ ನಿಧಾನವಾಗಿ ಆಡಿಸಿ. ಸಂದಿಗೆ ಹಾಕುವ ಸಣ್ಣ ಬ್ರಷ್ ಬೇರೆ ಸಿಗುತ್ತೆ. ನಿಮಗೆ ಯಾವ ಅಳತೆಯದು ಅಂತ ಡಾಕ್ಟರನ್ನೇ ಕೇಳಿ. ಇದ್ದಿಲು, ಇಟ್ಟಿಗೆ ಪುಡಿ ಬೇಡ. ಪಿನ್ನು, ಸೂಜಿಯಿಂದ ಕೆದಕೋದು ಬೇಡವೇ ಬೇಡ. ಉಪ್ಪುನೀರು ಮುಕ್ಕಳಿಸಿದರೆ ಹಿತ ಅನಿಸುತ್ತೆ, ಆದರೆ ಲೋಳೆ ಹೋಗಲ್ಲ. ಅಂಗಡಿಯಿಂದ ನೀವೇ ಮಾತ್ರೆ ತಂದು ನುಂಗಿದರೂ ಅಷ್ಟೇ.

ಎಲೆಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುತ್ತೀರಾ? ಬಾಯಿಗೆ, ವಸಡಿಗೆ ಎರಡಕ್ಕೂ ಕೇಡು. ಬಿಟ್ಟುಬಿಡಿ. ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದಿದ್ದರೂ ವಸಡಿನ ಊತ ಜಾಸ್ತಿ.

ಏನೂ ತೊಂದರೆ ಇಲ್ಲದಿದ್ದರೂ ಡಾಕ್ಟರು ಹೇಳಿದ ತಿಂಗಳಿಗೆ ತೋರಿಸಿ. ಹಲ್ಲು ಅಲ್ಲಾಡಿದರೆ, ಕೀವು ಬಂದರೆ ಕಾಯಬೇಡಿ. ಸರ್ಕಾರಿ ದಂತ ಕಾಲೇಜಿನಲ್ಲೂ ತೋರಿಸಬಹುದು. ಹಲ್ಲು ಹಾಕಿದಾಗ ಕೊಟ್ಟ ಚೀಟಿ ಜೋಪಾನವಾಗಿಡಿ. ಯಾವ ಕಂಪನಿಯ ಸ್ಕ್ರೂ, ಎಷ್ಟು ಅಳತೆ ಅಂತ ಅದರಲ್ಲಿ ಬರೆದಿರುತ್ತೆ. ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಓದಿ ನೋಡಿ, ಈಗ ನಿಮಗೆ ಓದಲು ಬರುತ್ತಲ್ಲ.