ವಾಡಿಯಲ್ಲಿ ಕವಲೊಡೆದ ಹಳಿ, ಚಿಂಚೋಳಿಗೆ ಬಾರದ ರೈಲು

ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಪಟ್ಟಣಗಳು ರೈಲು ಮಾರ್ಗದ ಮೇಲಿವೆ. ನೆರೆಯ ಚಿಂಚೋಳಿ ಪಟ್ಟಣಕ್ಕೆ ಮಾತ್ರ ಇಂದಿಗೂ ರೈಲು ಇಲ್ಲ. ಈ ವ್ಯತ್ಯಾಸದ ಮೂಲವಿರುವುದು ಸುಮಾರು ಒಂದೂವರೆ ಶತಮಾನದ ಹಿಂದಿನ ಎರಡು ನಿರ್ಧಾರಗಳಲ್ಲಿ.

ಮೊದಲನೆಯದು ಮುಂಬೈ–ಮದ್ರಾಸ್ ಮಾರ್ಗ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ಸೊಲ್ಲಾಪುರ, ಕಲಬುರಗಿ, ಶಹಾಬಾದ, ವಾಡಿಗಳ ಮೂಲಕ ಹಳಿ ಹಾಸಿತು. ಮದ್ರಾಸ್ ರೈಲ್ವೆಯು ಎದುರು ದಿಕ್ಕಿನಿಂದ ಬಂದಿತು. 1871ರಲ್ಲಿ ಎರಡೂ ರಾಯಚೂರಿನಲ್ಲಿ ಕೂಡಿದವು. ಮಾರ್ಗವು ನಿಜಾಮ ಸಂಸ್ಥಾನದೊಳಗೇ ಹಾದುಹೋದರೂ ಅದರ ರಾಜಧಾನಿ ಹೈದರಾಬಾದ್ ದೂರವೇ ಉಳಿಯಿತು.

ಈ ಕೊರತೆಯನ್ನು ನೀಗಿಸಿದ್ದೇ ಎರಡನೆಯ ನಿರ್ಧಾರ. ದಿವಾನ ಸಾಲಾರ್ ಜಂಗ್ ಅವರ ಕಾಲದಲ್ಲಿ, ಸಂಸ್ಥಾನದ ವೆಚ್ಚದಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ಮಾರ್ಗ ನಿರ್ಮಾಣವಾಗಿ 1874ರಲ್ಲಿ ಸಂಚಾರಕ್ಕೆ ತೆರೆಯಿತು. ಚಿತ್ತಾಪುರ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಪರಿಸರ, ಸೇಡಂ ಹಾಗೂ ತಾಂಡೂರುಗಳನ್ನು ಅದು ಹಾದುಹೋಯಿತು. ಮುಖ್ಯ ಮಾರ್ಗದಂತೆ ಇದೂ ಬ್ರಾಡ್‌ಗೇಜ್ ಆದುದರಿಂದ ವಾಡಿಯಲ್ಲಿ ಸರಕನ್ನು ಇಳಿಸಿ ಮತ್ತೊಂದು ಬಂಡಿಗೆ ಏರಿಸುವ ಅಗತ್ಯವಿರಲಿಲ್ಲ. ವಾಡಿ ಜಂಕ್ಷನ್ ಆಯಿತು.

ಇದರ ಫಲ ಕಂಡುಬಂದದ್ದು ಕಲ್ಲಿನ ವ್ಯಾಪಾರದಲ್ಲಿ. ಭಾರವಾದ ಹಾಸುಗಲ್ಲನ್ನು ಎತ್ತಿನ ಬಂಡಿಯಲ್ಲಿ ದೂರ ಸಾಗಿಸುವುದು ದುಬಾರಿ. ರೈಲು ಬಂದ ನಂತರ ಶಹಾಬಾದಿ ಕಲ್ಲು ದೂರದ ಊರುಗಳ ಮನೆಗಳ ನೆಲವಾಯಿತು. ಮುಂದೆ ಇದೇ ಸುಣ್ಣಕಲ್ಲಿನ ನೆಲದಲ್ಲಿ, ಹಳಿಯ ಆಸುಪಾಸಿನಲ್ಲಿ, ಶಹಾಬಾದ, ವಾಡಿ, ಮಳಖೇಡ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳು ತಲೆ ಎತ್ತಿದವು. ಸಿಮೆಂಟ್ ತಯಾರಿಕೆಗೆ ಬೇಕಾದ ಕಲ್ಲಿದ್ದಲನ್ನು ತರಲೂ ಸಿದ್ಧ ಸಿಮೆಂಟನ್ನು ಹೊರಗೆ ಸಾಗಿಸಲೂ ರೈಲು ಅನುಕೂಲವಾಯಿತು.

1950ರಲ್ಲಿ ನಿಜಾಮ್ಸ್ ಸ್ಟೇಟ್ ರೈಲ್ವೆ ಕೇಂದ್ರ ಸರ್ಕಾರದ ಸ್ವಾಧೀನಕ್ಕೆ ಬಂದಿತು. 1951ರಲ್ಲಿ ಎರಡೂ ಮಾರ್ಗಗಳು ಮಧ್ಯ ರೈಲ್ವೆಗೆ ಸೇರಿದವು. ಆದರೆ 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ರಚನೆಯಾಯಿತು. ಇಂದು ವಾಡಿಯಿಂದ ಕಲಬುರಗಿ ಕಡೆಯ ಹಳಿ ಸೊಲ್ಲಾಪುರ ವಿಭಾಗದ್ದು, ಸೇಡಂ ಕಡೆಯದು ಸಿಕಂದರಾಬಾದ್ ವಿಭಾಗದ್ದು. ಜಿಲ್ಲೆ ಒಂದೇ ಆದರೂ ಈ ಎರಡೂ ವಿಭಾಗ ಕಚೇರಿಗಳು ರಾಜ್ಯದ ಹೊರಗಿವೆ. ಕಲಬುರಗಿ ವಿಭಾಗದ ಬೇಡಿಕೆಗೆ ಇದೇ ಪ್ರಮುಖ ಕಾರಣ.

2017ರಲ್ಲಿ ಉದ್ಘಾಟನೆಯಾದ ಬೀದರ್–ಕಲಬುರಗಿ ಮಾರ್ಗವೂ ಹುಮನಾಬಾದ್, ಕಮಲಾಪುರಗಳ ಕಡೆಯಿಂದ ಸಾಗಿತು. ಹೀಗೆ ಚಿಂಚೋಳಿ ಮತ್ತೊಮ್ಮೆ ಹಳಿಯಿಂದ ಹೊರಗುಳಿಯಿತು. ಅಲ್ಲಿನ ಪ್ರಯಾಣಿಕರು ರೈಲು ಹತ್ತಬೇಕಾದರೆ ಈಗಲೂ ಮೊದಲು ಬಸ್ ಹಿಡಿದು ಸೇಡಂಗೋ, ರಾಜ್ಯದ ಗಡಿ ದಾಟಿ ತಾಂಡೂರಿಗೋ ಹೋಗಬೇಕಾಗಿದೆ.