ಕೋಳಿಮರಿಗಳನ್ನು ಗೂಡಿಗೆ ಬಿಡುವ ಹೊತ್ತು



ವಾರಗಟ್ಟಲೆ ಸಾಕಿದ ಮರಿಗಳು ಗೂಡಿಗೆ ಬಿಟ್ಟ ಮೊದಲ ರಾತ್ರಿಯೇ ಸಾಯುವುದುಂಟು. ಆದ್ದರಿಂದ ಅವಸರ ಬೇಡ್ರಿ. ದಿನ ಎಣಿಸಿದರಷ್ಟೇ ಸಾಲದು, ಪುಕ್ಕ ನೋಡಿರಿ.

ಬ್ರೂಡರಿನಲ್ಲಿ ಮೊದಲ ವಾರ ಸುಮಾರು 35 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಮುಂದೆ ವಾರಕ್ಕೆ 3 ಡಿಗ್ರಿಯಂತೆ ಇಳಿಸಬೇಕು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆ ಬೇಸಿಗೆಯ ಹಗಲು 40 ಡಿಗ್ರಿ ದಾಟುತ್ತದೆ. 3-4 ವಾರಕ್ಕೇ ದೀಪ ಬೇಡವಾದೀತು. ಕೋಳಿ ಬೆವರುವುದಿಲ್ಲ. ಮರಿಗಳು ದೀಪದಿಂದ ದೂರ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ ಹೆಚ್ಚಾಯಿತೆಂದು ತಿಳಿಯಿರಿ.

ಬೆನ್ನಿಗೂ ಎದೆಗೂ ಪುಕ್ಕ ತುಂಬಿದ ಮೇಲೆ ಎರಡು ಮೂರು ರಾತ್ರಿ ದೀಪ ಆರಿಸಿ ನೋಡಿರಿ. ಮರಿಗಳು ಒಂದರ ಮೇಲೊಂದು ಬೀಳದೆ ಹರಡಿ ಮಲಗಿದರೆ, ಬಿಸಿಲು ಇಳಿದ ಮೇಲೆ ಗೂಡಿಗೆ ಬಿಡಿರಿ. ಮರಿಯೊಂದಕ್ಕೆ 1 ಚದರಡಿ ಜಾಗವಿರಲಿ. ನೆಲಕ್ಕೆ 2-3 ಅಂಗುಲ ಒಣ ಭತ್ತದ ಹೊಟ್ಟು ಹರಡಿರಿ. ಸಿರುಗುಪ್ಪದಂಥ ಭತ್ತದ ಸೀಮೆಯಲ್ಲಿ ಅದಕ್ಕೇನು ಬರ? ಹೊಟ್ಟು ಒದ್ದೆಯಾದರೆ ರಕ್ತಭೇದಿ ಹತ್ತೀತು, ಬದಲಿಸಿರಿ. ಪರಿಚಯದ ನೀರಿನ ತಟ್ಟೆ, ಮೇವಿನ ತಟ್ಟೆಗಳನ್ನೇ ಒಳಗಿಡಿರಿ.

ಮೂಲೆಗಳಿಗೆ ರಟ್ಟು ಬಗ್ಗಿಸಿಟ್ಟು ದುಂಡಗೆ ಮಾಡಿರಿ. ಇಲ್ಲವಾದರೆ ಹೊಸ ಜಾಗಕ್ಕೆ ಹೆದರಿದ ಮರಿಗಳು ಮೂಲೆಗೆ ಒತ್ತರಿಸಿ, ಅಡಿಯಲ್ಲಿದ್ದವು ಉಸಿರುಗಟ್ಟುತ್ತವೆ. ಬೆಕ್ಕು, ಮುಂಗುಸಿ ನುಗ್ಗದಂತೆ ಜಾಲರಿ ಬಿಗಿಯಿರಿ. ಮಲಗುವ ಮುನ್ನ ಲಾಟೀನು ಹಿಡಿದು ಒಮ್ಮೆ ನೋಡಿ ಬನ್ನಿರಿ.